ಅಂಬೋಲಿಗೆ ಹೊರಟವರಲ್ಲಿ ಧುಪದಾಳದಿಂದ ಒಂದು ಮನವಿ

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕಿನ ಬಂಧುಗಳೇ,

ಮಿರಗದ ಮಳೆ ಬಿತ್ತೆಂದರೆ ನಮ್ಮ ಕಡೆ ಅಂಬೋಲಿ ಮಾತು ಶುರುವಾಗುತ್ತದೆ. ಕ್ರೂಸರ್ ಗೊತ್ತು ಮಾಡುವುದು, ಗೆಳೆಯರನ್ನು ಕೂಡಿಸುವುದು, ಶನಿವಾರ ರಾತ್ರಿಯೇ ಸಂಕೇಶ್ವರ ದಾಟುವುದು. ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ, ಹೋಗಲೇಬೇಕು. ಆದರೆ ಹೊರಡುವ ಮೊದಲು ಧುಪದಾಳದ ಒಡ್ಡಿನ ಮೇಲೆ ಒಂದು ಗಳಿಗೆ ನಿಂತು ನೀರು ನೋಡಿ.

1897ರಲ್ಲಿ ಕಟ್ಟಿದ ಈ ಒಡ್ಡಿಗೆ ಬರುವ ನೀರಿನಲ್ಲಿ ಹಿರಣ್ಯಕೇಶಿಯ ಪಾಲೂ ಇದೆ. ಆ ಹೊಳೆ ಹುಟ್ಟುವುದು ಅಂಬೋಲಿಯ ಕಾಡಿನಲ್ಲಿ, ಮಹಾದೇವನ ಗುಡಿಯ ಹಿಂದಿನ ಗವಿಯಲ್ಲಿ. ಆಜರಾ, ಗಡಹಿಂಗ್ಲಜ, ಸಂಕೇಶ್ವರ ಹಾಯ್ದು ಅದು ಘಟಪ್ರಭೆಯನ್ನು ಕೂಡುತ್ತದೆ. ನೀವು ಗಾಡಿಯಲ್ಲಿ ಹತ್ತುವ ದಾರಿಯೇ ಅದು ಇಳಿದುಬರುವ ದಾರಿ. ಮೂಡಲಗಿ ಕಡೆಯ ಕಬ್ಬು, ಗೋವಿನಜೋಳ ಕುಡಿಯುವುದೂ ಈ ನೀರನ್ನೇ. 2019ರ ಆಗಸ್ಟ್‌ನಲ್ಲಿ ಗೋಕಾಕದ ಓಣಿಗಳಿಗೆ ನುಗ್ಗಿದ್ದೂ ಘಟ್ಟದ ಮೇಲೆ ಸುರಿದ ಮಳೆಯೇ. ಅಂಬೋಲಿಯಲ್ಲಿ ಏನಾದರೇನು ಎನ್ನುವ ಹಕ್ಕು ನಮಗಂತೂ ಇಲ್ಲ.

ಗುಡಿಯ ಮುಂದಿನ ಕುಂಡದಲ್ಲಿ ಒಂದು ಪುಟ್ಟ ಬಣ್ಣದ ಮೀನಿದೆ. 2020ರಲ್ಲಿ ವಿಜ್ಞಾನಿಗಳು ಅದು ಹೊಸ ಜಾತಿಯೆಂದು ಗುರುತಿಸಿ ಹಿರಣ್ಯಕೇಶಿಯ ಹೆಸರನ್ನೇ ಇಟ್ಟರು. ಮರುವರ್ಷ ಮಹಾರಾಷ್ಟ್ರ ಸರ್ಕಾರ ಆ ಜಾಗವನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿತು. ಅದರ ವಿಸ್ತಾರ ಎರಡು ಹೆಕ್ಟೇರಿಗಿಂತ ಸ್ವಲ್ಪ ಹೆಚ್ಚು, ನಮ್ಮಲ್ಲಿ ಒಬ್ಬ ರೈತನ ಹೊಲದಷ್ಟು. ಅಲ್ಲಿ ಸಾಬೂನು ಹಚ್ಚಿ ಮೈ ತೊಳೆಯಬೇಡಿ. ಊದಿನಕಡ್ಡಿಯ ಪಾಕೀಟು ನೀರಿಗೆ ಬಿಡಬೇಡಿ. ದೇವರಿಗೆ ಕೈಮುಗಿದರೆ ಸಾಕು.

ಇನ್ನು ಶನಿವಾರ ರಾತ್ರಿಯ ಓಟ. ನನ್ನ ದೊಡ್ಡ ತಕರಾರು ಇದರ ಬಗ್ಗೆಯೇ. ಮಳೆ ಹಿಡಿದ ರಾತ್ರಿ ಆ ಘಟ್ಟದ ಕಪ್ಪೆಗಳು ಸಂಗಾತಿಯನ್ನು ಹುಡುಕಿಕೊಂಡು ರಸ್ತೆಗೆ ಬರುತ್ತವೆ. ಮೈಮೇಲೆ ಹುಲಿಪಟ್ಟೆಯಿರುವ ಒಂದು ಸಣ್ಣ ನೆಲಗಪ್ಪೆಯೂ ಅಲ್ಲಿದೆ. 2009ರಲ್ಲಷ್ಟೇ ಹೆಸರು ಪಡೆದ ಅದರ ನೆಲೆ ಈ ಭಾಗದ ಘಟ್ಟ ಮಾತ್ರ. ಜಂಬಿಟ್ಟಿಗೆ ಕಲ್ಲಿನ ಮೇಲೆ ನಿಂತ ಬೊಗಸೆ ನೀರಿನಲ್ಲಿ ಅದು ಮೊಟ್ಟೆಯಿಡುತ್ತದೆ. ಅದೇ ಕಲ್ಲಿನ ಮೇಲೆ ನಾವು ಗಾಡಿ ಹತ್ತಿಸಿ ರೀಲ್ಸ್ ಮಾಡುತ್ತೇವೆ! ಆದ್ದರಿಂದ ಬೆಳಕಿರುವಾಗಲೇ ಘಟ್ಟ ಹತ್ತಿ, ಗಾಡಿಯನ್ನು ರಸ್ತೆಯ ಮೇಲೆಯೇ ಇಡಿ. ಕಪ್ಪೆ ನೋಡುವ ಆಸೆಯಿದ್ದರೆ ಅಲ್ಲಿನವರೊಬ್ಬರನ್ನು ಕರೆದುಕೊಂಡು ಬ್ಯಾಟರಿ ಹಿಡಿದು ನಡೆದೇ ಹೋಗಿ. ಅವರಿಗೆ ನಾಲ್ಕು ಕಾಸು ಸಿಗಲಿ. ಊಟವೂ ಅಲ್ಲಿನ ಖಾನಾವಳಿಯಲ್ಲೇ ಆಗಲಿ.

ದಾರಿಗೆ ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿ ಕಟ್ಟಿಕೊಳ್ಳಿ. ಚಿಪ್ಸ್ ಪಾಕೀಟಿನ ಗೋಜೇ ಇರುವುದಿಲ್ಲ. ಮಂಗಗಳಿಗೆ ಏನನ್ನೂ ಹಾಕಬೇಡಿ. ತಿನಿಸಿನ ಆಸೆಗೆ ರಸ್ತೆಗಿಳಿದು ಗಾಲಿಗೆ ಸಿಗುತ್ತವೆ. ಸಾಧ್ಯವಿದ್ದವರು ವಾರದ ನಡುವೆ ಹೋಗಿ. ಧಬಧಬೆ ಮಂಗಳವಾರವೂ ಬೀಳುತ್ತದೆ, ಗದ್ದಲವಿಲ್ಲದೆ.

ಅಂಬೋಲಿಯಲ್ಲಿ ಜಾತ್ರೆಯಂಥ ಜನ, ಭೀಮಗಡಕ್ಕೆ ಹೋಗೋಣ ಎನ್ನುವವರೂ ಇದ್ದಾರೆ. ಖಾನಾಪುರ ತಾಲೂಕಿನ ಆ ಕಾಡು 2011ರಿಂದ ವನ್ಯಜೀವಿಧಾಮ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಳಗೆ ಕಾಲಿಡುವಂತಿಲ್ಲ. ಗಾಡಿಗೆ ಮುಂಗಡ ಕೊಡುವ ಮೊದಲೇ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ.

ಘಟ್ಟ ಹತ್ತಲಾಗದ ಹಿರಿಯರು, ಚಿಕ್ಕ ಮಕ್ಕಳು ಇರುವ ಮನೆಯವರು ಚಳಿಗಾಲದವರೆಗೆ ಕಾಯಿರಿ. ಘಟಪ್ರಭಾ ಪಕ್ಷಿಧಾಮ ಇಲ್ಲೇ ಇದೆ, 1974ರಿಂದ. ಚಳಿಗಾಲದಲ್ಲಿ ದೂರದೇಶದ ಕೊಕ್ಕರೆಗಳು ನಮ್ಮ ಹಿನ್ನೀರಿಗೇ ಬರುತ್ತವೆ. ದುರ್ಬೀನು ಇದ್ದವರು ತನ್ನಿ, ಸ್ಪೀಕರ್ ಇದ್ದವರು ಮನೆಯಲ್ಲೇ ಬಿಟ್ಟು ಬನ್ನಿ.