ಎದೆ ಕೊಯ್ದಿರಿ, ಕುಪ್ಪಸದ ಗತಿ ಏನು?

ಸ್ತನ ಕ್ಯಾನ್ಸರಿನ ಹೆಂಗಸನ್ನು ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಕೈಗೆ ಒಂದು ಕಾಗದ ಕೊಡುತ್ತಾರೆ. ಹೊಲಿಗೆ ಬಿಚ್ಚುವ ದಿನ, ಕೀಮೋದ ತಾರೀಖು, ಗುಳಿಗೆಯ ಲೆಕ್ಕ, ಯಾವ ಕೈಯಿಂದ ಭಾರ ಎತ್ತಬಾರದು ಎಂಬ ಎಚ್ಚರಿಕೆ ಎಲ್ಲ ಅದರಲ್ಲಿರುತ್ತದೆ. ಮರುದಿನ ಮುಂಜಾನೆ ಅವಳು ಕುಪ್ಪಸ ತೊಟ್ಟಾಗ ಒಂದು ಕಡೆ ಖಾಲಿ ಜೋತುಬೀಳುತ್ತದಲ್ಲ, ಅದಕ್ಕೇನು ಮಾಡಬೇಕು ಎಂಬ ಒಂದು ಸಾಲನ್ನು ಮಾತ್ರ ಯಾರೂ ಬರೆಯುವುದಿಲ್ಲ.

ಹುಕ್ಕೇರಿ ತಾಲ್ಲೂಕಿನ ಬೆಲ್ಲದ ಬಾಗೇವಾಡಿಯಂಥ ಊರಿನ ಹೆಂಗಸು ಈ ಕಾಗದ ಹಿಡಿದುಕೊಂಡು ಬರುವುದು ಬೆಳಗಾವಿಯಿಂದ, ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಯಿಂದ, ಘಟಪ್ರಭೆಯಲ್ಲಿ ರೈಲು ಹತ್ತಿ ಹೋಗುವ ಮಿರಜಿನಿಂದ, ಇಲ್ಲವೆ ಐನೂರು ಕಿಲೋಮೀಟರಿನ ಆಚೆಯ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಿಂದ. ಬಂದವಳು ಹಳೆ ಸೀರೆಯ ಚಿಂದಿಯನ್ನು ಉಂಡೆ ಕಟ್ಟಿ ಒಳಗೆ ತುರುಕಿಕೊಳ್ಳುತ್ತಾಳೆ. ಕಸ ತೆಗೆಯಲು ಬಗ್ಗಿದರೆ ಉಂಡೆ ಕಂಕುಳಿಗೆ ಸರಿಯುತ್ತದೆ, ನೀರಿನ ಕೊಡ ಎತ್ತಿದರೆ ಕೊರಳಿಗೇರುತ್ತದೆ. ಬಿಸಿಲಿಗೆ ಬೆವತರೆ ಗಾಯದ ಕಲೆಯ ಮೇಲೆ ತಿಕ್ಕಿ ತಿಕ್ಕಿ ಚರ್ಮ ಕೆಂಪಾಗುತ್ತದೆ. ಒಂದು ಕೈ ಸದಾ ಸೆರಗಿನ ಮೇಲೆಯೇ. ಮದುವೆ ಮುಂಜಿ ಬಿಡುತ್ತಾಳೆ, ಜಾತ್ರೆ ಬಿಡುತ್ತಾಳೆ, ಕಡೆಗೆ ಹೆಂಗಸರ ಜೊತೆ ಕಟ್ಟೆಗೆ ಬಂದು ಕೂಡುವುದನ್ನೂ ಬಿಡುತ್ತಾಳೆ. ಓಣಿಯಲ್ಲಿ ಮಾತು ಏನು? “ಎದಿ ತಗದಾರಂತ.” ಅದರ ಹಿಂದೆಯೇ ಇನ್ನೊಂದು: “ವಯಸ್ಸಾತಲ್ಲ, ಇನ್ನ ಯಾಕ ಬೇಕ ಆಕಿಗೆ?”

ಯಾಕೆ ಬೇಕು? ಈ ಪ್ರಶ್ನೆ ಕೇಳುವವರು ಕಾಲು ಕಳೆದುಕೊಂಡವನಿಗೆ ಹಾಗೆ ಕೇಳಿದ್ದುಂಟೇ? ಎದೆಯೆಂದರೆ ಗಂಡನಿಗೆ, ಕೂಸಿಗೆ. ಅವರಿಬ್ಬರ ಕೆಲಸ ಮುಗಿದರೆ ಅದು ಯಾರಿಗೂ ಬೇಡದ ಮಾಂಸ ಎಂಬುದು ಈ ಮಾತಿನ ಒಳಗಿರುವ ಲೆಕ್ಕ. ಎದೆ ಅವಳ ಮೈಯ ತೂಕದ ಒಂದು ಭಾಗ. ಒಂದು ಬದಿಯ ಭಾರ ಹೋದರೆ ಭುಜ ವಾಲುತ್ತದೆ, ಕತ್ತು ಬೆನ್ನು ಹಿಡಿದುಕೊಳ್ಳುತ್ತವೆ. ದಿನವಿಡೀ ಬಗ್ಗಿ ಏಳುವ ಕೂಲಿಯವಳಿಗೆ ಇದು ಚೆಂದದ ಪ್ರಶ್ನೆಗಿಂತ ಮೊದಲು ದುಡಿಮೆಯ ಪ್ರಶ್ನೆ. ಇನ್ನು ಅವಳಿಗೆ ಚೆಂದವೇ ಬೇಕೆಂದರೆ ಅದನ್ನು ಬೇಡ ಅನ್ನಲು ನಾವ್ಯಾರು?

ಇದಕ್ಕೊಂದು ಸರಳ ದಾರಿಯನ್ನು ಹೆಂಗಸರೇ ಕಂಡುಕೊಂಡಿದ್ದಾರೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಬಾರ್ಬರಾ ಡೆಮೊರೆಸ್ಟ್ 2011ರಲ್ಲಿ ಸ್ತನ ತೆಗೆಸಿಕೊಂಡರು. ಆಗ ಗೆಳತಿಯೊಬ್ಬಳು ನೂಲಿನಲ್ಲಿ ಮೆತ್ತನೆಯ ಸ್ತನವೊಂದನ್ನು ಹೆಣೆದುಕೊಟ್ಟಳು. ಅಲ್ಲಿಂದ ಬೆಳೆದ ‘ನಿಟೆಡ್ ನಾಕರ್ಸ್’ ಎಂಬ ಸ್ವಯಂಸೇವಕರ ಬಳಗ ಇವತ್ತು ಹಲವು ದೇಶಗಳಲ್ಲಿ ಹೆಣೆದು ಪುಕ್ಕಟೆ ಹಂಚುತ್ತದೆ. ನಮ್ಮಲ್ಲಿ ಮುಂಬಯಿಯ ಸಾಯಿಶಾ ಇಂಡಿಯಾ ಫೌಂಡೇಶನ್ ಇದೇ ಕೆಲಸ ಮಾಡುತ್ತಿದೆ.

ವಸ್ತು ನೋಡಲು ಏನೂ ಅಲ್ಲ. ಅಂಗೈ ತುಂಬುವ ಒಂದು ಗುಂಡನೆಯ ಚೀಲ. ನಡುವಿನಿಂದ ಶುರುಮಾಡಿ ಸುತ್ತು ಸುತ್ತಾಗಿ ಹೆಣೆಯುತ್ತ, ಸುತ್ತಿಗೆ ಇಷ್ಟೆಂದು ಕುಣಿಕೆ ಹೆಚ್ಚಿಸುತ್ತ ಬರಬೇಕು. ಉಣ್ಣೆ ಕೂಡದು, ಅದು ಹಸಿ ಕಲೆಗೆ ಚುಚ್ಚುತ್ತದೆ. ಮೆತ್ತನೆಯ ಹತ್ತಿ ನೂಲೇ ಬೇಕು. ಒಳಗೆ ತಲೆದಿಂಬಿಗೆ ತುಂಬುವಂಥ ಪಾಲಿಯೆಸ್ಟರ್ ಅರಳೆ. ಹಿಂಬದಿಯಲ್ಲಿ ಎಳೆದು ಬಿಗಿಯುವ ದಾರವಿರುತ್ತದೆ. ಉಳಿದ ಎದೆಗೆ ಸರಿಹೊಂದುವಂತೆ ಅವಳೇ ಬಿಚ್ಚಿ ಅರಳೆ ತುಂಬಬಹುದು, ತೆಗೆಯಬಹುದು. ಒಗೆಯಬಹುದು, ನೆರಳಲ್ಲಿ ಒಣಹಾಕಬಹುದು. ಸಿಲಿಕೋನಿನದಕ್ಕೆ ಸಾವಿರಾರು ರೂಪಾಯಿ ಸುರಿಯಬೇಕು. ಅದು ಭಾರ, ಬೇಸಿಗೆಗೆ ಬೆವರಿಸುತ್ತದೆ, ಗಾಯ ಪೂರಾ ಮಾಯುವ ತನಕ ಹಾಕುವಂತಿಲ್ಲ. ಹೆಣೆದದ್ದನ್ನು ವೈದ್ಯರು ಹೂಂ ಅಂದ ಕೂಡಲೇ ಇಟ್ಟುಕೊಳ್ಳಬಹುದು.

ಹೆಣೆಯುವ ಆ ಕೈಗಳಿಗೆ ಶರಣು. ನನ್ನ ಸಿಟ್ಟು ಅವರ ಮೇಲಿಲ್ಲ. ಇದು ಪುಣ್ಯದ ಕೆಲಸವಾಗಿ ಯಾಕೆ ಉಳಿಯಿತು ಎಂಬುದರ ಮೇಲಿದೆ.

ಕಾಲು ಕಡಿದರೆ ಕೃತಕ ಕಾಲಿನ ಶಿಬಿರ ನಡೆಯುತ್ತದೆ, ಪುಢಾರಿಗಳು ಫೋಟೊಕ್ಕೆ ನಿಲ್ಲುತ್ತಾರೆ. ಆಗಲಿ, ಕಾಲು ಸಿಗುತ್ತದಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಹೆಸರಿಸಿದೆ. ಕೊಯ್ದ ಎದೆಗೆ ಅದರಲ್ಲಿ ಜಾಗವಿಲ್ಲ. ಅಮೆರಿಕದಲ್ಲಿ 1998ರಲ್ಲೇ ಕಾನೂನು ಬಂತು: ಸ್ತನ ತೆಗೆಯುವ ಖರ್ಚು ಕೊಡುವ ವಿಮೆ ಕೃತಕ ಸ್ತನದ ಖರ್ಚನ್ನೂ ಕೊಡಲೇಬೇಕು. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಅದನ್ನು ಪುಕ್ಕಟೆ ಕೊಡುತ್ತದೆ. ನಮ್ಮಲ್ಲಿ ಬಡವರ ಕಾರ್ಡಿಗೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಎಂದು ಹಲಗೆ ಬರೆಸುತ್ತಾರೆ, ಆದರೆ ಅಂಥ ಕಾನೂನು ಮಾಡಲು ಯಾರಿಗೂ ಪುರಸೊತ್ತಾಗಿಲ್ಲ. ಕೊಯ್ಯುವ ತನಕ ಅವಳು ಸರ್ಕಾರದವಳು, ಕೊಯ್ದ ಮೇಲೆ ದೇವರ ಪಾಲು.

ಹೆಂಗಸಿನ ಅಂಗ ತೆಗೆದು ಕೈತೊಳೆದುಕೊಳ್ಳುವುದು ನಮ್ಮ ಕಬ್ಬಿನ ಸೀಮೆಗೆ ಹೊಸದೇನಲ್ಲ. ಗಡಿಯಾಚೆ ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ 2019ರಲ್ಲಿ ಸರ್ಕಾರದ ಸಮಿತಿ ಕಬ್ಬು ಕಡಿಯುವ ಹೆಂಗಸರನ್ನು ವಿಚಾರಿಸಿತು. 82 ಸಾವಿರ ಮಂದಿಯಲ್ಲಿ 13 ಸಾವಿರಕ್ಕೂ ಹೆಚ್ಚು ಹೆಂಗಸರ ಗರ್ಭಕೋಶ ಹೋಗಿತ್ತು. ಮುಟ್ಟಾದ ದಿನ ಕಬ್ಬು ಕಡಿಯದಿದ್ದರೆ ಮುಕಾದಮ, ಅಂದರೆ ಕೂಲಿಯ ಗುತ್ತಿಗೆದಾರ, ದಂಡ ಹಾಕುತ್ತಾನೆ. ಅದಕ್ಕಿಂತ ಗರ್ಭಕೋಶವನ್ನೇ ತೆಗೆಸುವುದು ಅಗ್ಗ. ಎದೆಯ ಕಥೆ ಬೇರೆ, ಅಲ್ಲಿ ರೋಗ ನಿಜ, ಕತ್ತಿ ಬೇಕೇ ಬೇಕಾದ ಹೊತ್ತೂ ಇದೆ. ಆದರೆ ತೆಗೆದ ಮೇಲೆ ಅವಳು ಹೇಗಿದ್ದಾಳೆಂದು ಕೇಳುವವರು ಎರಡೂ ಕಡೆ ಇಲ್ಲ.

ಕತ್ತಿಯ ಮಾತು ಬಂದದ್ದಕ್ಕೆ ಇದನ್ನೂ ಹೇಳಬೇಕು. ಗಂಟು ಸಣ್ಣದಿದ್ದಾಗ ಸಿಕ್ಕರೆ ಗಂಟನ್ನಷ್ಟೇ ತೆಗೆದು, ರೇಡಿಯೇಶನ್ ಕೊಟ್ಟು ಎದೆ ಉಳಿಸಬಹುದು; ಬದುಕುವ ಅವಕಾಶ ಅದರಿಂದ ಕಡಿಮೆಯಾಗುವುದಿಲ್ಲ ಎಂದು ದಶಕಗಳ ಹಿಂದೆಯೇ ಸಾಬೀತಾಗಿದೆ. ಸಣ್ಣದಿದ್ದಾಗ ಸಿಗಬೇಕಾದರೆ ಯಾರಾದರೂ ಮುಟ್ಟಿ ನೋಡಬೇಕಲ್ಲ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುವುದು: ದೇಶದಲ್ಲಿ 30ರಿಂದ 49 ವಯಸ್ಸಿನ ಹೆಂಗಸರಲ್ಲಿ ಒಮ್ಮೆಯಾದರೂ ಸ್ತನ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ ಒಬ್ಬರೂ ಇಲ್ಲ. 2022ರ ಒಂದು ವರ್ಷದಲ್ಲೇ ಸುಮಾರು 1.92 ಲಕ್ಷ ಹೊಸ ರೋಗಿಗಳೆಂದು ಅಂದಾಜು. ಮೇಲಾಗಿ ರೇಡಿಯೇಶನ್ನಿಗೆ ವಾರಗಟ್ಟಲೆ ಪಟ್ಟಣದಲ್ಲಿ ಉಳಿಯಬೇಕು. ಕೂಲಿ ಬಿಟ್ಟು, ಮಕ್ಕಳನ್ನು ಬಿಟ್ಟು, ಎಮ್ಮೆಯನ್ನು ಯಾರ ಕೈಗೋ ಕೊಟ್ಟು ಉಳಿಯಲು ಬಡವಿಗೆ ಎಲ್ಲಿ ಆಗುತ್ತದೆ? “ಪೂರಾ ತಗದಬಿಡ್ರಿ ಸಾಹೇಬ್ರ” ಎಂದು ಅವಳ ಮನೆಯವರೇ ಹೇಳುತ್ತಾರೆ. ಬೆಳಗಾವಿಯಲ್ಲಿ 2025ರ ಜನವರಿಯಲ್ಲಿ ಕೆಎಲ್‌ಇಯ ಕ್ಯಾನ್ಸರ್ ಆಸ್ಪತ್ರೆಯನ್ನು ರಾಷ್ಟ್ರಪತಿಗಳೇ ಬಂದು ಉದ್ಘಾಟಿಸಿದರು. ಹತ್ತಿರವಾಯಿತು, ಒಳ್ಳೆಯದೇ. ಬಾಗೇವಾಡಿಯ ಓಣಿಯಲ್ಲಿ ಗಂಟು ಹುಡುಕುವ ಕೈ ಮಾತ್ರ ಇನ್ನೂ ಹತ್ತಿರವಾಗಿಲ್ಲ.

ಮೊಲೆ, ಮುಡಿ ನೋಡಿ ಹೆಣ್ಣೆಂದು ಕರೆಯುವ ಲೋಕವನ್ನು ಜೇಡರ ದಾಸಿಮಯ್ಯ ಶತಮಾನಗಳ ಹಿಂದೆಯೇ ಪ್ರಶ್ನಿಸಿದ್ದ. ಒಂದನ್ನು ಕತ್ತಿ ಒಯ್ಯುತ್ತದೆ, ಇನ್ನೊಂದನ್ನು ಕೀಮೋ. ಎರಡೂ ಹೋದವಳನ್ನು ಊರು ನೋಡುವ ರೀತಿ ನೋಡಿದರೆ, ಶರಣರ ಫೋಟೊ ಗೋಡೆಗೆ ಹಾಕಿದ್ದಷ್ಟೇ ನಮ್ಮ ಸಾಧನೆ. ಎದೆ ಹೋದರೂ ನಾನು ಪೂರ್ತಿ, ನನಗೇನೂ ತುರುಕಿಕೊಳ್ಳುವುದು ಬೇಡ ಎಂದು ಸೆಟೆದು ನಡೆಯುವವಳಿದ್ದರೆ ಅವಳಿಗೂ ಕೈ ಮುಗಿಯುತ್ತೇನೆ. ಬೇಕು ಬೇಡ ಅವಳು ಹೇಳಬೇಕು. ಸಿಗದ್ದಕ್ಕೆ ಬಿಟ್ಟುಕೊಡುವುದನ್ನು ಆಯ್ಕೆ ಅನ್ನಬೇಡಿ.

ಇಲ್ಲಿ ಏನು ಕೊರತೆ ಹೇಳಿ. ಗೋಕಾಕ ಫಾಲ್ಸಿನ ಗಿರಣಿ 1887ರಲ್ಲಿ ಹತ್ತಿ ನೂಲಲು ಶುರುಮಾಡಿತು. ನೂಲು ನಮಗೆ ಪರದೇಶದ ವಸ್ತುವಲ್ಲ. ಹರಕು ಸೀರೆಗಳನ್ನು ಪದರ ಪದರ ಇಟ್ಟು ಸಾಲು ತಪ್ಪದೆ ಕೌದಿ ಹೊಲಿಯುವ ಮುದುಕಿಯರು ಓಣಿಗೊಬ್ಬರಿದ್ದಾರೆ, ಅವರಿಗೆ ಕ್ರೋಶಾ ಸೂಜಿ ಕೊಟ್ಟರೆ ಒಂದು ವಾರದ ಕಲಿಕೆ. ಸಹಕಾರದ ಮಾತಂತೂ ಕೇಳಲೇಬೇಡಿ. ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರ ಸಂಘ 1969ರಿಂದ ಮನೆಮನೆಗೆ ಕರೆಂಟು ಕೊಡುತ್ತಿದೆ, ದೇಶದಲ್ಲಿ ಮೊದಲು ಹುಟ್ಟಿದ ಅಂಥ ಐದು ಸಂಘಗಳಲ್ಲಿ ಅದೊಂದು. ಘಟಪ್ರಭೆಯಲ್ಲಿ ಸಹಕಾರಿ ತತ್ವದ ಮೇಲೆ ಆಸ್ಪತ್ರೆಯನ್ನೇ ಕಟ್ಟಿದರು. ಅದೇ ಘಟಪ್ರಭೆಯಲ್ಲಿ ಮಾಜಿ ದೇವದಾಸಿಯರು ‘ಮಾಸ್’ ಸಂಸ್ಥೆ ಕಟ್ಟಿ ನಿಂತರು. ಅದನ್ನು ನಡೆಸಿದ ಸೀತವ್ವ ಜೋಡಟ್ಟಿಗೆ 2018ರಲ್ಲಿ ಪದ್ಮಶ್ರೀ ಬಂತು. ಮೈಯ ಮೇಲೆ ಊರು ಹೊರಿಸಿದ ಅವಮಾನವನ್ನು ಕಿತ್ತೆಸೆದ ಹೆಂಗಸರು ಈ ನೆಲದಲ್ಲೇ ಇದ್ದಾರೆ. ಕರೆಂಟನ್ನು ಸಹಕಾರದಲ್ಲಿ ಹಂಚಿದವರಿಗೆ ಅಂಗೈಯಗಲದ ಹತ್ತಿಚೀಲ ಹಂಚಲು ಆಗುವುದಿಲ್ಲವೇ?

ಒಂದು ಮಾತು ಹೆಣೆಯುವವರಿಗೂ. ಅಮೆರಿಕದ ಮಾದರಿ ಬ್ರಾ ಒಳಗೆ ಕೂರುತ್ತದೆ. ನಮ್ಮ ಕಡೆ ವಯಸ್ಸಾದವರು ಬ್ರಾ ಹಾಕುವುದು ಕಡಿಮೆ, ಖಣದ ಕುಪ್ಪಸ ತೊಟ್ಟು ಮುಂದೆ ಗಂಟು ಬಿಗಿಯುತ್ತಾರೆ. ಹಾಗಾಗಿ ಕುಪ್ಪಸದ ಒಳಮೈಗೆ ಮೆತ್ತನೆಯ ಹತ್ತಿಬಟ್ಟೆಯ ಒಂದು ಜೇಬು ಹೊಲಿದೇ ಕೊಡಬೇಕು, ಇಲ್ಲದಿದ್ದರೆ ಇದೂ ಚಿಂದಿಯ ಉಂಡೆಯಂತೆ ಕೊರಳಿಗೇರುತ್ತದೆ. ಮತ್ತು ಪುಕ್ಕಟೆ ದುಡಿಸಬೇಡಿ. ಪಟ್ಟಣದ ಉಳ್ಳವರು ಬಿಡುವಿನಲ್ಲಿ ಹೆಣೆದುಕೊಡುವುದು ದೊಡ್ಡತನ. ಕೂಲಿಯವಳನ್ನು ಸೇವೆಯ ಹೆಸರಲ್ಲಿ ಹೆಣೆಯಲು ಕೂಡಿಸುವುದು ಬಿಟ್ಟಿ ಚಾಕರಿ. ಸ್ತ್ರೀಶಕ್ತಿ ಸಂಘಗಳಿಂದ ಸರ್ಕಾರ ದುಡ್ಡು ಕೊಟ್ಟು ಕೊಳ್ಳಲಿ.

ಪ್ರತಿ ಅಕ್ಟೋಬರಿಗೆ ಗುಲಾಬಿ ರಿಬ್ಬನ್ನು ಕಟ್ಟಿ ಓಡುವವರು, ಕಟ್ಟಡಗಳಿಗೆ ಗುಲಾಬಿ ದೀಪ ಹಚ್ಚುವವರು ಆ ದೀಪದ ಖರ್ಚಿನಲ್ಲಿ ಎಷ್ಟು ಲಡಿ ನೂಲು ಬರುತ್ತದೆಂದು ಒಮ್ಮೆ ಲೆಕ್ಕ ಹಾಕಲಿ.

ಬೇಡಿಕೆ ದೊಡ್ಡದಲ್ಲ. ಸ್ತನ ತೆಗೆಯುವ ಪ್ರತಿಯೊಂದು ಆಸ್ಪತ್ರೆ, ಸರ್ಕಾರದ ಯೋಜನೆಯಿಂದ ದುಡ್ಡು ಪಡೆಯುವುದಿದ್ದರೆ, ರೋಗಿ ಮನೆಗೆ ಹೋಗುವ ದಿನ ಎರಡು ಹೆಣೆದ ಸ್ತನ, ಜೇಬಿರುವ ಎರಡು ಕುಪ್ಪಸ ಕೊಡಬೇಕು. ಗಾಯ ಮಾದ ಮೇಲೆ ಕೇಳಿದವಳಿಗೆ ಸಿಲಿಕೋನಿನದನ್ನೂ ಕೊಡಬೇಕು. ಯೋಜನೆಯ ಪಟ್ಟಿಗೆ ಒಂದು ಸಾಲು ಸೇರಿಸಿದರೆ ಮುಗಿಯಿತು. ಹುಕ್ಕೇರಿ, ಗೋಕಾಕ, ಮೂಡಲಗಿಯ ಅಕ್ಕತಂಗಿಯರೇ, ಮುಂದಿನ ಗ್ರಾಮಸಭೆಯಲ್ಲಿ ಗಟಾರು, ರಸ್ತೆಯ ಜೊತೆಗೆ ಇದನ್ನೂ ಎದ್ದು ನಿಂತು ಕೇಳಿ, ಠರಾವಿನಲ್ಲಿ ಬರೆಸಿ, ಬರೆದದ್ದನ್ನು ಓದಿಸಿ ಕೇಳಿದ ಮೇಲೆಯೇ ಸಹಿ ಹಾಕಿ.