ಹೆಪ್ಪು ಮುಟ್ಟಬೇಡ, ಮಾತ್ರೆ ನುಂಗು!

ಮೊನ್ನೆ ನಮ್ಮ ಓರಗಿತ್ತಿ ಕೋಲಾರದಿಂದ ಒಂದು ಡಬ್ಬಿ ತಂದಳು. ಏಳ್ನೂರು ರೂಪಾಯಿ! "ಪ್ರೋಬಯೋಟಿಕ್ ಅಂತೆ ಅಕ್ಕ, ಒಳ್ಳೆ ಬ್ಯಾಕ್ಟೀರಿಯಾ. ಮುಟ್ಟಾಗೋ ಮುಂಚೆ ಬರೋ ಸಿಟ್ಟು, ಅಳು, ಹೊಟ್ಟೆ ಉಬ್ಬರ ಎಲ್ಲಾ ಹೋಯ್ತದಂತೆ" ಅಂದಳು. ನಂಗೆ ಮೊದಲು ನಗು ಬಂತು, ಆಮೇಲೆ ಕೋಪ ಬಂತು. ಅವಳ ಮೇಲಲ್ಲ. ಅವಳ ಸಂಕಟ ದಿಟವಾದದ್ದೇ.

ಇದೇ ವೇಮಗಲ್ ಮನೇಲಿ, ಮುಟ್ಟಾದಾಗ ನಮ್ಮತ್ತೆ ಹೆಪ್ಪು ಹಾಕೋಕೆ ಬಿಡ್ತಿರಲಿಲ್ಲ. ಮೊಸರು ಕೆಟ್ಟೋಯ್ತದಂತೆ. ಹಾಲನ್ನ ಮೊಸರು ಮಾಡೋದೂ ಬ್ಯಾಕ್ಟೀರಿಯಾನೇ. ಅದಕ್ಕೆ ಬೇಕಾಗಿರೋದು ಉಗುರುಬೆಚ್ಚನೆ ಹಾಲು, ಹೆಪ್ಪು ಹಾಕಿದೋಳ ತಾರೀಕಲ್ಲ. ಅವತ್ತು ನಾವು ಮುಟ್ಟಿದ್ರೆ ಮೊಸರು ಕೆಡ್ತದೆ ಅಂದ್ರು. ಇವತ್ತು ನಮ್ಮ ಹೊಟ್ಟೆ ಬ್ಯಾಕ್ಟೀರಿಯಾನೇ ಕೆಟ್ಟೈತೆ, ದುಡ್ಡು ಕೊಡಿ ಅಂತಾರೆ. ಎಂಗೆ ತಿರುಗಿಸಿದ್ರೂ ತಪ್ಪು ಹೆಂಗಸಿನ ಮೈದೇ!

ವಿಜ್ಞಾನದ ಮಾತು ಪೂರ್ತಿ ಸುಳ್ಳೇನಲ್ಲ. ಮೈ ಹೊರಗೆ ಹಾಕೋಕೆ ಕಳಿಸಿದ ಈಸ್ಟ್ರೋಜನ್ ಹಾರ್ಮೋನು ಮತ್ತೆ ರಕ್ತಕ್ಕೆ ಸೇರೋ ಹಂಗೆ ಕರುಳಿನ ಕೆಲವು ಬ್ಯಾಕ್ಟೀರಿಯಾ ಮಾಡ್ತವೆ. ಸೆರೊಟೋನಿನ್ ಹೆಚ್ಚುಪಾಲು ತಯಾರಾಗೋದೂ ಕರುಳಲ್ಲೇ. ಆದ್ರೆ ಅದು ನೇರವಾಗಿ ಮಿದುಳಿಗೆ ದಾಟಲ್ಲ. ಮುಟ್ಟಿನ ಮುಂಚಿನ ಸಂಕಟಕ್ಕೆ ಪ್ರೋಬಯೋಟಿಕ್ ಕೊಟ್ಟು ನೋಡಿರೋ ಪರೀಕ್ಷೆಗಳು ಕಮ್ಮಿ, ಚಿಕ್ಕವು. ಒಂದು ತಳಿಗೆ ಸಿಕ್ಕ ಫಲ ಇನ್ನೊಂದಕ್ಕೆ ಸಿಗ್ತದೆ ಅನ್ನೋಂಗಿಲ್ಲ.

ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಇರೋದು ಕ್ಯಾಲ್ಸಿಯಂಗೆ. 1998ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪರೀಕ್ಷೇಲಿ 466 ಹೆಂಗಸರ ಲೆಕ್ಕ ಸಿಕ್ಕಿತು. ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ತಗೊಂಡೋರಿಗೆ ಮೂರನೇ ಮುಟ್ಟಿನ ಹೊತ್ತಿಗೆ ಸಂಕಟ ಶೇ. 48ರಷ್ಟು ಇಳೀತು. ಔಷಧಿ ಇಲ್ಲದ ಹುಸಿ ಮಾತ್ರೆ ನುಂಗಿದೋರಿಗೂ ಶೇ. 30ರಷ್ಟು ಇಳೀತು! ಅದಕ್ಕೇ "ನಂಗೆ ವಾಸಿಯಾಯ್ತು" ಅಂತ ಯಾರೋ ಅಂದ ಮಾತ್ರಕ್ಕೆ ಡಬ್ಬಿ ಕೊಳ್ಳಬಾರದು.

ಕ್ಯಾಲ್ಸಿಯಂ ನಮ್ಮೂರಲ್ಲಿ ಇಲ್ವಾ? 100 ಗ್ರಾಂ ರಾಗೀಲಿ ಸುಮಾರು 350 ಮಿಲಿಗ್ರಾಂ ಐತೆ. ಹಾಲು, ಮೊಸರಲ್ಲೂ ಐತೆ. ಆದ್ರೆ ಕತ್ತಲಲ್ಲೇ ಎದ್ದು ಸೀಮೆಹಸು ಕರೆಯೋಳು ಅವಳು, ಕ್ಯಾನು ಹೋಗೋದು ಡೇರಿಗೆ. ಉಳಿದ ಮೊಸರು ಗಂಡಸರ ತಟ್ಟೆಗೆ, ಕೊನೇಲಿ ಉಣ್ಣೋಳಿಗೆ ನೀರು ಮಜ್ಜಿಗೆ. ಇದನ್ನ ಸರಿಮಾಡೋ ಮಾತ್ರೆ ಯಾವ ಅಂಗಡೀಲಿ ಸಿಗ್ತದೆ?

2025ರಲ್ಲಿ ನಮ್ಮ ಸರ್ಕಾರ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ಮುಟ್ಟಿನ ರಜೆಗೆ ಒಪ್ಪಿಗೆ ಕೊಡ್ತು. ನರಸಾಪುರದ ಫ್ಯಾಕ್ಟರಿ ಹುಡುಗೀರಿಗೆ ಒಳ್ಳೇದೇ ಆಯ್ತು. ಕೊಟ್ಟಿಗೆ ಬಾಚೋಳಿಗೆ ರಜೆ ಕೊಡೋರ್ಯಾರು? ಮನೆಯೋರೇ ಕೊಡಬೇಕು.

ಹಂಗಂತ ಮೊಸರೇ ಮದ್ದು ಅಂತಲೂ ನಾನು ಹೇಳ್ತಿಲ್ಲ. ಎರಡು ಮೂರು ತಿಂಗಳು ಕ್ಯಾಲೆಂಡರಲ್ಲಿ ಗುರುತು ಹಾಕಿ. ಸಂಕಟ ಮುಟ್ಟಿಗೆ ಮುಂಚೆ ಶುರುವಾಗಿ, ಮುಟ್ಟಾದ ಮೇಲೆ ಇಳೀತದಾ ನೋಡಿ. ಕೆಲಸ ಮಾಡೋಕಾಗದಷ್ಟು ಇದ್ರೆ ಆ ಹಾಳೆ ತಗೊಂಡು ಡಾಕ್ಟರ ಹತ್ರ ಹೋಗಿ, ಚಿಕಿತ್ಸೆ ಐತೆ. ಬದುಕೇ ಬ್ಯಾಡ ಅನ್ನಿಸಿದ್ರೆ ಮಾತ್ರ ಗುರುತು ಹಾಕ್ತಾ ಕೂರಬೇಡಿ, ಅವತ್ತೇ ಹೋಗಿ.

ನಮ್ಮನೇಲಿ ಈಗ ಅರ್ಧ ಲೀಟರು ಹಾಲು ಡೇರಿಗೆ ಹೋಗಲ್ಲ, ಅದು ನಮ್ಮಿಬ್ಬರದು. ಹೆಪ್ಪು ನಾನೇ ಹಾಕ್ತೀನಿ, ಯಾವ ತಾರೀಕಾದ್ರೂ ಸರಿ. ಇನ್ನೂ ಒಂದು ದಿನವೂ ಕೆಟ್ಟಿಲ್ಲ.