ಪಿಂಚಣಿ ಮನೆಗೆ ಬಂತು, ಸೇವೆ ಊರಿಗೆ ಬರಲಿಲ್ಲ

ಚಿಂಚೋಳಿ ತಾಲ್ಲೂಕಿನ ಚಂದ್ರಂಪಳ್ಳಿ ಎಂದರೆ ಹೊರಗಿನವರಿಗೆ ನೆನಪಾಗುವುದು ಜಲಾಶಯ ಮತ್ತು ಅದರ ಸುತ್ತಲಿನ ಕಾಡು. ಬಿಸಿಲುನಾಡಿನಲ್ಲೂ ಇಂಥ ಹಸಿರು ಇದೆಯೇ ಎಂದು ಬೆರಗಾಗಿ ಫೋಟೊ ತೆಗೆದುಕೊಂಡು ಹೋಗುವವರೇ ಹೆಚ್ಚು. ಅದೇ ತಾಲ್ಲೂಕಿನ ಕಾಡಂಚಿನ ತಾಂಡಾದಲ್ಲಿ ಎಂಟು ವರ್ಷವಾದರೂ ಮಾತು ಬಾರದ, ಕೂರಲು ಆಗದ ಮಗುವಿದ್ದರೆ ತಾಯಿ ಎಲ್ಲಿಗೆ ಹೋಗಬೇಕು? ಬುದ್ಧಿಮಟ್ಟ ಅಳೆದು ಪ್ರಮಾಣಪತ್ರ ಕೊಡುವ ತಜ್ಞರು ಬೇಕೆಂದರೂ, ಮಾತು ಕಲಿಸುವ ಥೆರಪಿಸ್ಟ್ ಬೇಕೆಂದರೂ ಸಾಮಾನ್ಯವಾಗಿ ಕಲಬುರಗಿಯ ದಾರಿಯನ್ನೇ ಹಿಡಿಯಬೇಕು. ಚಿಂಚೋಳಿ ಪಟ್ಟಣದಿಂದಲೇ ಅದು ಸುಮಾರು 80 ಕಿ.ಮೀ. ತಾಂಡಾದಿಂದ ಚಿಂಚೋಳಿಗೆ ಬರುವ ದೂರ ಬೇರೆ.

2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ತಾಯಿಯ ಬಸ್ ಟಿಕೆಟ್‌ಗೆ ದುಡ್ಡು ಬೇಕಿಲ್ಲ, ನಿಜ. ಆದರೆ ಆ ದಿನದ ಕೂಲಿ ಹೋಗುತ್ತದೆ. ತೊಗರಿ ಕೊಯ್ಲಿನ ದಿನಗಳಲ್ಲಿ ಅದು ಸಣ್ಣ ಮಾತಲ್ಲ. ಥೆರಪಿ ಒಂದು ಸಲ ಹೋಗಿ ಬಂದರೆ ಮುಗಿಯುವಂಥದ್ದೂ ಅಲ್ಲ. ವಾರಕ್ಕೆ ಎರಡು ಮೂರು ಸಲ, ವರ್ಷಗಟ್ಟಲೆ ನಡೆಯಬೇಕು. ಮೊದಲ ತಿಂಗಳಲ್ಲೇ ಅನೇಕ ಕುಟುಂಬಗಳು ಕೈಚೆಲ್ಲುವುದಕ್ಕೆ ಕಾರಣ ತಾಯಂದಿರ ಅಜ್ಞಾನವಲ್ಲ, ಈ ಲೆಕ್ಕಾಚಾರ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಕಡೆಯ ಕಥೆಯೂ ಇದಕ್ಕಿಂತ ಬಹಳ ಬೇರೆಯಲ್ಲ. ಫರಸಿ ಗಣಿ, ಸಿಮೆಂಟ್ ಕಾರ್ಖಾನೆ, ಹೊಲ ಎಂದು ದುಡಿಯುವ ಮನೆಗಳಲ್ಲಿ ಒಬ್ಬರು ದಿನವಿಡೀ ಮಗುವಿನ ಪಕ್ಕ ಕೂರಬೇಕಾಗುತ್ತದೆ. ಆ ಒಬ್ಬರು ಬಹುತೇಕ ತಾಯಿ, ಇಲ್ಲವೇ ಶಾಲೆ ಬಿಟ್ಟ ಅಕ್ಕ. ಸರ್ಕಾರ ಇಂಥ ಮಕ್ಕಳಿಗೆ ಮಾಸಾಶನ ಕೊಡುತ್ತದೆ. ಈ ಭಾಗದ ಬಾಯಲ್ಲಿ ಅದು ‘ಪಗಾರ’. ಪಗಾರ ಬೇಕು, ಇನ್ನೂ ಹೆಚ್ಚಾಗಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಪಗಾರ ಕೊಟ್ಟಾಯಿತಲ್ಲ ಎಂದು ಇಲಾಖೆ ಕೈತೊಳೆದುಕೊಳ್ಳುವಂತಿಲ್ಲ. ಬ್ಯಾಂಕ್ ಖಾತೆಗೆ ಬಿದ್ದ ದುಡ್ಡು ಮಗುವಿಗೆ ಕೂರುವುದನ್ನು ಕಲಿಸುವುದಿಲ್ಲ.

ಕಾನೂನಿನ ಮಾತು ಸ್ಪಷ್ಟವಾಗಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. ಬೌದ್ಧಿಕ ಅಂಗವೈಕಲ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ ಅದರಲ್ಲಿವೆ. ಅದರ ಐದನೆಯ ಕಲಮಿನ ಪ್ರಕಾರ ಅಂಗವಿಕಲರಿಗೆ ಸಮುದಾಯದ ನಡುವೆಯೇ ಬದುಕುವ ಹಕ್ಕಿದೆ. ಅದಕ್ಕೆ ಬೇಕಾದ ಬೆಂಬಲ ಸೇವೆಗಳು ಅಲ್ಲೇ ಸಿಗುವಂತೆ ಸರ್ಕಾರ ಪ್ರಯತ್ನಿಸಬೇಕು. ಅಂದರೆ ದೂರದ ವಸತಿಶಾಲೆಗೆ ಸೇರಿಸಿ ಮರೆತುಬಿಡುವುದು ಕಾಯ್ದೆಯ ಆಶಯವಲ್ಲ. 2011ರ ಜನಗಣತಿ ರಾಜ್ಯದಲ್ಲಿ 13.24 ಲಕ್ಷ ಅಂಗವಿಕಲರನ್ನು ಎಣಿಸಿತು. ಬುದ್ಧಿಮಾಂದ್ಯರು ಎಂಬ ಕಾಲಮಿನಲ್ಲಿ ಸಿಕ್ಕವರು 93,974. ಮನೆ ಬಾಗಿಲಿಗೆ ಬಂದ ಗಣತಿದಾರರ ಮುಂದೆ ಇಂಥ ಮಗುವಿನ ಹೆಸರು ಹೇಳಲು ಹಿಂಜರಿಯುವ ಮನೆಗಳು ಎಷ್ಟೋ. ನಿಜವಾದ ಸಂಖ್ಯೆ ಇದಕ್ಕಿಂತ ಕಡಿಮೆ ಇರಲಾರದು.

ಹಾಗೆಂದು ಹಳ್ಳಿಯಲ್ಲಿ ಏನೇನೂ ಇಲ್ಲ ಎನ್ನುವಂತಿಲ್ಲ. ಗ್ರಾಮ ಪಂಚಾಯಿತಿಗೊಬ್ಬರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿರಬೇಕೆಂಬ ವ್ಯವಸ್ಥೆ ಕರ್ನಾಟಕದಲ್ಲಿದೆ. ವಿಆರ್‌ಡಬ್ಲ್ಯು ಎಂದರೆ ಎಲ್ಲರಿಗೂ ಗೊತ್ತು. ಅವರೂ ಅಂಗವಿಕಲರೇ, ಅದೇ ಊರಿನವರು, ಯಾವ ಮನೆಯಲ್ಲಿ ಯಾರಿದ್ದಾರೆಂದು ಬಲ್ಲವರು. ತಾಲ್ಲೂಕಿಗೆ ಒಬ್ಬರು ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಅಂದರೆ ಎಂಆರ್‌ಡಬ್ಲ್ಯು. ಶಾಲೆಯ ಕಡೆಯಿಂದ ಶಾಲೆಗೆ ಬರಲಾಗದ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣವಿದೆ. ಅಂಗನವಾಡಿಗೆ ವರ್ಷಕ್ಕೆರಡು ಸಲ ಬರಬೇಕಾದ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡವಿದೆ. ಬೆಳವಣಿಗೆ ಹಿಂದುಳಿದ ಮಕ್ಕಳನ್ನು ಗುರುತಿಸಿ ಜಿಲ್ಲಾ ಕೇಂದ್ರಕ್ಕೆ ಕಳಿಸುವುದು ಅದರ ಕೆಲಸ. ಕಳಿಸುವವರಿದ್ದಾರೆ, ಬರೆದುಕೊಳ್ಳುವವರಿದ್ದಾರೆ, ಅರ್ಜಿ ತುಂಬಿಸುವವರಿದ್ದಾರೆ. ಊರಲ್ಲೇ ಕುಳಿತು ಕೈಹಿಡಿದು ಕಲಿಸುವವರ ಜಾಗ ಮಾತ್ರ ಖಾಲಿ. ವಿಆರ್‌ಡಬ್ಲ್ಯುಗಳ ದಿನವಂತೂ ಅಂಗವಿಕಲರ ಗುರುತಿನ ಯುಡಿಐಡಿ ಕಾರ್ಡು, ಮಾಸಾಶನದ ಕಾಗದಪತ್ರ, ಸಮೀಕ್ಷೆಗಳಲ್ಲೇ ಕಳೆದುಹೋಗುತ್ತದೆ. ಅವರದು ಸಂಬಳವೂ ಅಲ್ಲ, ಗೌರವಧನ.

ಕಲಿಸುವುದು ಎಂದರೇನು? ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೆ ಮಲಗಿಸಿ ಗಂಜಿ ಕುಡಿಸಿದರೆ ಅದು ಶ್ವಾಸನಾಳಕ್ಕೆ ಇಳಿಯಬಹುದು. ಪದೇಪದೇ ನ್ಯುಮೋನಿಯಾ ಆಗುವುದಕ್ಕೆ ಅದೂ ಒಂದು ಕಾರಣ. ಬೆನ್ನು ನೆಟ್ಟಗಿರಿಸಿ, ತಲೆ ಸ್ವಲ್ಪ ಮುಂದಕ್ಕೆ ಬಾಗಿಸಿ, ಚಿಕ್ಕ ಚಮಚದಲ್ಲಿ ನಿಧಾನವಾಗಿ ಉಣಿಸಬೇಕು. ಇದನ್ನು ತೋರಿಸಿಕೊಡಲು ಅರ್ಧ ಗಂಟೆ ಸಾಕು. ಎರಡು ಗೋಡೆ ಕೂಡುವ ಮೂಲೆಯ ಆಕಾರದಲ್ಲಿ ಒರಗು ಇರುವ ಕುರ್ಚಿಯನ್ನು ಊರಿನ ಬಡಗಿಯೇ ಮಾಡಿಕೊಡಬಲ್ಲ. ಅದರಲ್ಲಿ ಕೂತ ಮಗುವಿನ ಭುಜ ಹಿಂದಕ್ಕೆ ಜಾರುವುದಿಲ್ಲ, ಕೈಗಳು ಮುಂದೆ ಬರುತ್ತವೆ, ಆಟಿಕೆ ಸಿಗುತ್ತದೆ. ಚಮಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿದರೆ ಬಿಗಿದ ಬೆರಳಿಗೂ ಹಿಡಿತ ದಕ್ಕುತ್ತದೆ. ಇಂಥ ನೂರಾರು ಉಪಾಯಗಳನ್ನು ಮೆಕ್ಸಿಕೊದ ಹಳ್ಳಿಗಳ ಅನುಭವದಿಂದ ಡೇವಿಡ್ ವರ್ನರ್ 1987ರಲ್ಲೇ ಚಿತ್ರಸಮೇತ ಪುಸ್ತಕವಾಗಿಸಿದರು. ವಿಶ್ವ ಆರೋಗ್ಯ ಸಂಸ್ಥೆ ಸಮುದಾಯ ಆಧಾರಿತ ಪುನರ್ವಸತಿಯ ಮಾತು ಆಡುತ್ತಾ ನಾಲ್ಕು ದಶಕ ದಾಟಿತು. ನಮ್ಮದೇ ರಾಯಚೂರು, ಕೊಪ್ಪಳದ ಹಳ್ಳಿಗಳಲ್ಲಿ ‘ಸಮೂಹ’ ಸಂಸ್ಥೆ ಈ ದಾರಿಯಲ್ಲಿ ವರ್ಷಗಳಿಂದ ದುಡಿದಿದೆ. ಕಲ್ಯಾಣ ಕರ್ನಾಟಕದ ಮಣ್ಣಿಗೆ ಇದು ಹೊಸ ಬೀಜವೇನಲ್ಲ.

ಪಂಚಾಯಿತಿಯೇ ಇದನ್ನು ಮಾಡಬಹುದೇ ಎಂಬ ಅನುಮಾನವಿದ್ದವರು ಕಾಸರಗೋಡಿನ ಕಡೆ ನೋಡಬೇಕು. ಗೇರು ತೋಟಗಳ ಮೇಲೆ ವರ್ಷಾನುಗಟ್ಟಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ನಾಡು ಅದು. ಕನ್ನಡ, ತುಳು ಆಡುವ ಎಣ್ಮಕಜೆ, ಪಡ್ರೆ ಸೀಮೆಯ ಮನೆಗಳೂ ಅದರ ಫಲ ಉಂಡವು. ಅಲ್ಲಿ ಸ್ಥಳೀಯ ಪಂಚಾಯತಿಗಳೇ ಕುಟುಂಬಶ್ರೀ ಮಹಿಳಾ ಗುಂಪುಗಳ ಜೊತೆಗೂಡಿ ‘ಬಡ್ಸ್’ ಶಾಲೆಗಳನ್ನು ನಡೆಸುತ್ತವೆ. ಕೇರಳದಲ್ಲಿ ಮೊದಲ ಬಡ್ಸ್ ಶಾಲೆ ಶುರುವಾದದ್ದು 2004ರಲ್ಲಿ, ತಿರುವನಂತಪುರದ ವೆಂಙಾನೂರಿನಲ್ಲಿ. ಮಕ್ಕಳು ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗುತ್ತಾರೆ. 18 ದಾಟಿದವರಿಗೆ ಬೇರೆ ಪುನರ್ವಸತಿ ಕೇಂದ್ರಗಳಿವೆ. ಹಗಲು ಹೊತ್ತಿನಲ್ಲಿ ತಾಯಿ ಕೆಲಸಕ್ಕೆ ಹೋಗಬಹುದು. ಕರ್ನಾಟಕವೂ ದಕ್ಷಿಣ ಕನ್ನಡದ ಕೊಕ್ಕಡ ಮತ್ತು ಕೊಯಿಲದಲ್ಲಿ ಎಂಡೋಸಲ್ಫಾನ್ ಬಾಧಿತರಿಗೆ ಇಂಥ ಪಾಲನಾ ಕೇಂದ್ರ ತೆರೆದದ್ದುಂಟು. ಹಾಗಿದ್ದರೆ ಚಿಂಚೋಳಿಗೆ ಏಕಿಲ್ಲ? ಇಲ್ಲಿ ವಿಷ ಸುರಿಯಲಿಲ್ಲ, ಚಳವಳಿ ಹುಟ್ಟಲಿಲ್ಲ, ಅಷ್ಟೇ. ಮಗುವಿನ ಅಗತ್ಯಕ್ಕೂ ಅದರ ಅಂಗವೈಕಲ್ಯದ ಕಾರಣಕ್ಕೂ ಏನು ಸಂಬಂಧ?

ಕೇರಳದ್ದೆಲ್ಲ ಚಿನ್ನ ಎಂದೂ ಅಲ್ಲ. ಕಾಸರಗೋಡಿನ ತಾಯಂದಿರು ಮತ್ತೆ ಮತ್ತೆ ರಾಜಧಾನಿಗೆ ಹೋಗಿ ಧರಣಿ ಕೂರಬೇಕಾಯಿತು. 2022ರ ಅಕ್ಟೋಬರ್‌ನಲ್ಲಿ ಸಾಮಾಜಿಕ ಕಾರ್ಯಕರ್ತೆ ದಯಾಬಾಯಿ ಇಳಿವಯಸ್ಸಿನಲ್ಲಿ ಬಾಧಿತರ ಪರವಾಗಿ ಉಪವಾಸ ಕೂತಾಗ ಇಟ್ಟ ಬೇಡಿಕೆಗಳಲ್ಲಿ ಹಗಲು ಆರೈಕೆ ಕೇಂದ್ರಗಳೂ ಇದ್ದವು. ಕೇಂದ್ರ ಕಂಡ ಜನ ಇನ್ನಷ್ಟು ಕೇಂದ್ರ ಕೇಳುತ್ತಾರೆ. ಕಾಣದ ಜನ ಕೇಳುವುದೇ ಇಲ್ಲ. ಅಧಿಕಾರಿಗಳು ಅದನ್ನು ‘ಬೇಡಿಕೆ ಇಲ್ಲ’ ಎಂದು ಬರೆದುಕೊಳ್ಳುತ್ತಾರೆ.

ಆರೈಕೆ ಮಾಡುವವರ ವಿಷಯದಲ್ಲಿ ಸರ್ಕಾರದ ಕಣ್ಣು ಅರ್ಧ ತೆರೆದಿದೆ. 2024–25ರ ಬಜೆಟ್ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೊಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೊಸಿಸ್ ಇರುವವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಘೋಷಿಸಿತು. ಒಳ್ಳೆಯದೇ. ಆದರೆ ತೀವ್ರ ಬೌದ್ಧಿಕ ಅಂಗವೈಕಲ್ಯ ಇರುವ ಇಪ್ಪತ್ತರ ಮಗನನ್ನು ಸ್ನಾನ ಮಾಡಿಸಿ, ಉಣಿಸಿ, ಬೀದಿಗೆ ಓಡದಂತೆ ಕಾಯುವ ತಾಯಿ ಆ ಪಟ್ಟಿಯಲ್ಲಿ ಇರಲಿಲ್ಲ. ನ್ಯಾಷನಲ್ ಟ್ರಸ್ಟ್‌ನ ಹಗಲು ಆರೈಕೆ ಯೋಜನೆಗಳು ನಡೆಯುವುದು ನೋಂದಾಯಿತ ಸಂಸ್ಥೆಗಳ ಮೂಲಕ. ಸಂಸ್ಥೆಗಳು ಇರುವುದು ಹೆಚ್ಚಾಗಿ ನಗರಗಳಲ್ಲಿ. ಹಿಂದುಳಿದ ತಾಲ್ಲೂಕು ಹೀಗೆ ಇನ್ನೊಮ್ಮೆ ಹಿಂದುಳಿಯುತ್ತದೆ.

ದುಡ್ಡಿನ ನೆಪವನ್ನು ಮಾತ್ರ ಯಾರೂ ಹೇಳಬಾರದು. ನಂಜುಂಡಪ್ಪ ಸಮಿತಿ 2002ರಲ್ಲೇ ಸೇಡಂ, ಚಿಂಚೋಳಿ, ಚಿತ್ತಾಪುರಗಳನ್ನು ಅತಿ ಹಿಂದುಳಿದ ತಾಲ್ಲೂಕುಗಳ ಪಟ್ಟಿಗೆ ಸೇರಿಸಿತು. ಸಂವಿಧಾನದ 371(ಜೆ) ವಿಧಿ ಬಂತು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023–24ರ ಬಜೆಟ್‌ನಲ್ಲಿ 5,000 ಕೋಟಿ ರೂಪಾಯಿ ಘೋಷಣೆಯಾಯಿತು. ಆ ಹಣದಲ್ಲಿ ರಸ್ತೆ, ಕಟ್ಟಡಗಳಿಗೆ ಸಿಗುವ ಪಾಲಿನ ಒಂದು ಚೂರು ತಾಲ್ಲೂಕಿಗೊಂದು ಹಗಲು ಕೇಂದ್ರಕ್ಕೆ, ಮಕ್ಕಳನ್ನು ಕರೆತರುವ ಒಂದು ವಾಹನಕ್ಕೆ, ವಾರದ ಗೊತ್ತಾದ ದಿನ ಹೋಬಳಿಗೆ ಬರುವ ಥೆರಪಿಸ್ಟ್‌ಗೆ ಸಾಲದೇ? ಸೇಡಂ, ಮಳಖೇಡ, ವಾಡಿಯ ಸಿಮೆಂಟ್ ಕಂಪನಿಗಳಿಗೂ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಖರ್ಚು ಮಾಡುವ ಕಾನೂನಿದೆ. ತಜ್ಞರ ತರಬೇತಿಗೆ ಬೆಂಗಳೂರಿನ ತನಕ ಹೋಗಬೇಕಿಲ್ಲ. ಬೌದ್ಧಿಕ ಅಂಗವೈಕಲ್ಯಕ್ಕೆಂದೇ ಇರುವ ರಾಷ್ಟ್ರೀಯ ಸಂಸ್ಥೆ ಪಕ್ಕದ ಸಿಕಂದರಾಬಾದ್‌ನಲ್ಲಿದೆ. ಈ ಭಾಗದ ಅನೇಕರು ದುಡಿಮೆಗೆಂದು ಹಿಡಿಯುವ ದಾರಿಯಲ್ಲೇ ಅದು ಇದೆ.

ಇದೆಲ್ಲ ಆಗುವ ತನಕ ಊರಿನವರು ಮಾಡಬಹುದಾದ ಕೆಲಸ ಒಂದಿದೆ. ಪ್ರತಿ ಗ್ರಾಮ ಪಂಚಾಯಿತಿ ತನ್ನ ಸ್ವಂತ ಆದಾಯದ ಶೇ 5ರಷ್ಟನ್ನು ಅಂಗವಿಕಲರಿಗಾಗಿ ತೆಗೆದಿಡಬೇಕೆಂಬ ನಿಯಮವಿದೆ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು, ಕಳೆದ ವರ್ಷ ಆ ಹಣ ಎಷ್ಟಿತ್ತು, ಯಾವ ಮನೆಗೆ ಏನು ಮುಟ್ಟಿತು ಎಂದು ಕೇಳಿ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.